ಗೆಟ್ಟ ಎಂಬ ತಿಂಡಿಯೂ ನನ್ನ ಸೊಸೆಯ ಕೆಲಸವೂ

“ನಿನ್ ಸೊಸೆ ಹೊರಗಡೆ ಕೆಲಸಕ್ಕೆ ಹೋಗೋದು ನಿಂಗೆ ಒಪ್ಪಿಗೆನೇನಕ್ಕ?” ಎಂದು ನಮ್ಮೂರಿನ ಹೆಂಗಸರು ಬಹಳ ಮರುಕದಿಂದ ಕೇಳುತ್ತಿದ್ದರು. ಒಪ್ಪಿಗೆ ಅನ್ನುವುದು ಸಣ್ಣ ಮಾತು. ಬೆಳಿಗ್ಗೆ ಏಳರ ಬಸ್ಸಿಗೆ ಅವಳು ಕಿಬ್ಬನಹಳ್ಳಿ ಕ್ರಾಸಿಗೆ ಹೊರಟಳೆಂದರೆ, ಮಧ್ಯಾಹ್ನ ವಾಪಸು ಬರುವ ತನಕ ನನ್ನ ಸಾರಿಗೆ ಉಪ್ಪು ಜಾಸ್ತಿಯಾಯಿತು, ಹುಳಿ ಕಡಿಮೆಯಾಯಿತು ಎಂದು ತೀರ್ಪು ಕೊಡುವವರು ಮನೆಯಲ್ಲಿ ಇರುತ್ತಿರಲಿಲ್ಲ. ಮದುವೆಯಾಗಿ ಬಂದು ಹದಿನಾಲ್ಕು ವರ್ಷ ಅವಳು ನನ್ನ ಒಲೆಯ ಪಕ್ಕದಲ್ಲೇ ನಿಂತಿದ್ದಾಳೆ. ಅವಳಿಗೆ ಆ ಕೆಲಸ ಎಷ್ಟು ಬೇಕಿತ್ತೋ ನನಗೂ ಅಷ್ಟೇ ಬೇಕಿತ್ತು. ಇದನ್ನು ಅವಳಿಗೆ ನಾನು ಹೇಳಿಲ್ಲ, ಹೇಳುವ ಅಗತ್ಯವೂ ಇಲ್ಲ.

ಕ್ರಾಸಿನಿಂದ ಸ್ವಲ್ಪ ಮುಂದೆ ಒಂದು ತೆಂಗಿನ ಕಾಯಿಪುಡಿ ಫ್ಯಾಕ್ಟರಿ ಇದೆ. ಅದರ ಹಿಂದೆ ಬಂದುಹೋಗುವವರಿಗೆ ನಾಲ್ಕು ಕೋಣೆಯ ಒಂದು ಮನೆ. ಅಲ್ಲಿ ಅಡುಗೆ ಮಾಡಿ ಬಡಿಸುವುದು ನನ್ನ ಸೊಸೆಯ ಕೆಲಸ. ಸೇರಿ ಎರಡು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಆಗ ಬಂದ ಆ ಅಮೆರಿಕಾದವನು. ಕಾಯಿಪುಡಿ ಒಣಗಿಸುವ ಹೊಸ ಮಿಷನ್ನು ಕೂರಿಸಲು ಬಂದ ಎಂಜಿನಿಯರು. ನಮ್ಮಲ್ಲಿ ಕಾಯಿ ಒಣಗಿಸಲು ಬಿಸಿಲು ಎನ್ನುವುದೊಂದಿದೆ. ಆದರೆ ಅದನ್ನು ಯಾರೂ ಹಡಗಿನಲ್ಲಿ ತಂದು ಕೊಡುವುದಿಲ್ಲವಲ್ಲ, ಹಾಗಾಗಿ ಅದಕ್ಕೆ ಬೆಲೆಯಿಲ್ಲ.

ಬಂದವನು ಆರಡಿ ಮೇಲಿನ ಆಳು. ಉಪ್ಪಿಟ್ಟು ಇಟ್ಟರೆ ಎರಡು ಚಮಚ ತಿಂದು ತಟ್ಟೆ ಸರಿಸುತ್ತಿದ್ದನಂತೆ. ಇಡ್ಲಿಯನ್ನು ಬೆರಳಲ್ಲಿ ಒತ್ತಿ ನೋಡಿ ಬಿಟ್ಟನಂತೆ. ಚಿತ್ರಾನ್ನದಿಂದ ಕಡಲೆಬೀಜ ಮಾತ್ರ ಆರಿಸಿ ತಿಂದನಂತೆ. ಮೂರು ವಾರಕ್ಕೆ ಅವನ ಪ್ಯಾಂಟು ಜಾರತೊಡಗಿ, ಮ್ಯಾನೇಜರು ಪೇಟೆಯಿಂದ ಬೆಲ್ಟು ತರಿಸಿಕೊಟ್ಟರು. ಮೊಟ್ಟೆಯಾದರೂ ಬೇಯಿಸಿ ಕೊಡೋಣ ಎಂದರೆ, ಫ್ಯಾಕ್ಟರಿ ಸಾಹುಕಾರರ ಅಡುಗೆಮನೆಯ ಹೊಸಿಲನ್ನು ಮೊಟ್ಟೆಯೂ ದಾಟುವಂತಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಸೊಸೆ ಬಂದವಳೇ ಚೀಲವನ್ನು ಜಗಲಿಯ ಮೇಲೆ ಎಸೆದು ಕೂತಳು. ನಾನು ಕೇಳಲಿಲ್ಲ. ಕೇಳದಿದ್ದರೆ ಬೇಗ ಹೇಳುತ್ತಾಳೆ.

“ಬುಧವಾರಕ್ಕೆ ತುಮಕೂರಿಂದ ಹೋಟ್ಲು ಭಟ್ಟನ್ನ ಕರ್ಸ್ತಾರಂತೆ. ಅಷ್ಟರಾಗೆ ಆವಪ್ಪ ಹೊಟ್ಟೆ ತುಂಬ ಒಂದೊತ್ತು ತಿಂದ್ರೆ ನಾನೇ ಇರ್ಬೋದಂತೆ. ಇಲ್ಲಾಂದ್ರೆ ಮನೇಲೇ ಇರು ಅಂದ್ರು ಮ್ಯಾನೇಜರು.”

ಮನೇಲೇ ಇರು. ಒಳಗೆ ಒಲೆಯ ಮೇಲಿದ್ದ ನನ್ನ ಸಾರನ್ನು ನೆನೆದೆ.

“ಆವಪ್ಪಂಗೆ ಏನ್ ಬೇಕಂತೆ?”

“ಗೆಟ್ಟ ಬೇಕಂತೆ.”

ಚೀಲದಿಂದ ಒಂದು ದಪ್ಪ ಕಾಗದದ ಪೊಟ್ಟಣ ತೆಗೆದಳು. ಅವನು ತನ್ನೂರಿನಿಂದ ತಂದಿದ್ದ ಓಟ್ಸು. ಅಂಗಡಿಯಲ್ಲಿ ಸಿಗುವ ಚಪ್ಪಟೆ ಓಟ್ಸಲ್ಲ, ರಾಗಿ ನುಚ್ಚಿಗಿಂತ ದಪ್ಪಗೆ ಒಡೆದದ್ದು. ಇಲ್ಲಿ ಎಲ್ಲೂ ಸಿಗುವುದಿಲ್ಲವಂತೆ. ಏಳನೇ ಕ್ಲಾಸಿನ ನನ್ನ ಮೊಮ್ಮಗಳು ಫೋನಿನಲ್ಲಿ ಅದನ್ನು ಮಾಡುವ ಬಗೆ ಹುಡುಕಿ ಕನ್ನಡದಲ್ಲಿ ಹೇಳಿದಳು. ಅವನ ಮುತ್ತಜ್ಜಂದಿರು ಜರ್ಮನಿಯಿಂದ ಅಮೆರಿಕಾಕ್ಕೆ ಹೋದ ಬಡವರಂತೆ. ಇದ್ದ ಒಂದು ಚೂರು ಮಾಂಸ ಮನೆಮಂದಿಗೆಲ್ಲ ಬರಲೆಂದು ಅದಕ್ಕೆ ಓಟ್ಸು ಸುರಿದು, ಗಂಟೆಗಟ್ಟಲೆ ತಿರುವಿ, ಗಟ್ಟಿಯಾದ ಮೇಲೆ ಕೊಯ್ದು ಕಾವಲಿಯ ಮೇಲೆ ಹುರಿದು ಬೆಳಗಿನ ಹೊತ್ತು ತಿನ್ನುತ್ತಿದ್ದರಂತೆ.

ಇದನ್ನು ಕಲಿಯಲು ಅಮೆರಿಕಾವರೆಗೆ ಹೋಗಬೇಕಿತ್ತೇ! ನಮ್ಮತ್ತೆ ಅರ್ಧ ಕೇಜಿ ಮಾಂಸವನ್ನು ಹುರುಳಿಕಾಳು, ಬದನೇಕಾಯಿ, ಆಲೂಗಡ್ಡೆಯ ಜೊತೆಗೆ ಹದಿನೆಂಟು ಜನಕ್ಕೆ ಬಡಿಸುತ್ತಿದ್ದರು. ತಟ್ಟೆಯಲ್ಲಿ ಮಾಂಸ ಸಿಕ್ಕಿದವನನ್ನು ಎಲ್ಲರೂ ತಿರುಗಿ ನೋಡುತ್ತಿದ್ದೆವು. ಅದನ್ನು ಯಾರೂ ಫೋನಿಗೆ ಹಾಕಲಿಲ್ಲ.

“ಅದ್ರಾಗೆ ಹಂದಿ ಮಾಂಸ, ದನದ ಮಾಂಸ ಎರಡೂ ಹಾಕ್ತಾರಂತೆ ಅಜ್ಜಿ,” ಎಂದಳು ಮೊಮ್ಮಗಳು.

“ಫೋನ್ ಕೆಳಗಿಡೇ,” ಎಂದೆ. “ನಮ್ಮನೇಲಿ ಕುರಿ ಮಾಂಸದ್ದು. ಬೇಕಿದ್ರೆ ತಿನ್ನಲಿ, ಇಲ್ಲಾಂದ್ರೆ ಬೆಲ್ಟ್ ಬಿಗಿ ಮಾಡ್ಕಳ್ಳಿ.”

ಕುರಿಯದಾದರೂ ಸರಿ ಎಂದು ಅವನು ಫೋನಿನಲ್ಲೇ ಒಪ್ಪಿದ. ಮಂಗಳವಾರ ಕರೆಂಟು ತೆಗೆಯುವುದರಿಂದ ಫ್ಯಾಕ್ಟರಿಗೆ ರಜ. ಅವತ್ತು ಬೆಳಿಗ್ಗೆ ಅವನನ್ನು ನಮ್ಮ ಮನೆಗೇ ಕರೆತರುವುದು ಎಂದಾಯಿತು. “ನಾನು ಏನೂ ನೋಡಿಲ್ಲ, ಏನೂ ಕೇಳಿಲ್ಲ, ಬರೀ ಜೀಪ್ ಓಡಿಸ್ತೀನಿ,” ಎಂದರಂತೆ ಮ್ಯಾನೇಜರು. ಧೈರ್ಯವಂತರು.

ಮಂಗಳವಾರಕ್ಕೆ ಬೇಕಾದ ತಿಂಡಿಯನ್ನು ಸೊಸೆ ಭಾನುವಾರವೇ ಬೇಯಿಸಲು ನಿಂತಳು. ಕಾರಣ ನಾನೇ. ನಮ್ಮ ಮನೆಯಲ್ಲಿ ಸೋಮವಾರ ಮಾಂಸ ಬೇಯುವುದಿಲ್ಲ, ಹೊಸದಾಗಿ ಒಳಗೂ ಬರುವುದಿಲ್ಲ; ಹಿಂದಿನ ದಿನದ್ದು ಫ್ರಿಜ್ಜಿನಲ್ಲಿ ಮುಚ್ಚಿದ್ದರೆ ತಕರಾರಿಲ್ಲ. ನಮ್ಮ ಮನೆದೇವರು ಬೀರಪ್ಪನ ವಾರ. ಈ ನೇಮವನ್ನು ನಾನು ಮುರಿದಿಲ್ಲ, ಮುರಿಯಲು ಯಾರನ್ನೂ ಬಿಟ್ಟಿಲ್ಲ. ಭಾನುವಾರ ಬೇಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು, ಮಂಗಳವಾರ ಕೊಯ್ದು ಹುರಿಯುವುದು ಅವಳ ಲೆಕ್ಕಾಚಾರ.

ಬೆಳಿಗ್ಗೆ ಏಳಕ್ಕೇ ಹಿತ್ತಿಲಿನ ಸೌದೆ ಒಲೆಗೆ ತೆಂಗಿನ ಮಟ್ಟೆ, ಚಿಪ್ಪು ಒಟ್ಟಿ ದೊಡ್ಡ ಪಾತ್ರೆ ಇಟ್ಟಳು. ಕೈಮಾ, ಈರುಳ್ಳಿ, ಪಲಾವಿನ ಎಲೆ, ಮೆಣಸು, ಉಪ್ಪು. ಅರಿಶಿನ ಇಲ್ಲ, ಧನಿಯಾ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಜ್ವರ ಬಂದವರಿಗೂ ನಾವು ಅಷ್ಟು ಸಪ್ಪೆ ಕೊಡುವುದಿಲ್ಲ. ಮಾಂಸ ಬೆಂದ ಮೇಲೆ ಅವನ ಓಟ್ಸನ್ನು ಸುರಿದು ಮೂರು ಗಂಟೆ ತಿರುವಿದಳು. ಪೊಟ್ಟಣದಲ್ಲಿ ಎರಡು ಹಿಡಿ ಉಳಿಯಿತು, ಅಷ್ಟೆ. ಭಾನುವಾರ ಅವಳಿಗೆ ಮಧ್ಯಾಹ್ನದ ಊಟದ ಕೆಲಸ ಮಾತ್ರ, ಹನ್ನೊಂದೂವರೆಗೆ ಬಸ್ಸು ಹಿಡಿಯಬೇಕು. ಪಾತ್ರೆಗೆ ತಟ್ಟೆ ಮುಚ್ಚಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: “ಅದು ಕೆಂಡದ ಮ್ಯಾಲೆ ಹಂಗೇ ಇರ್ಲಿ ಅತ್ತೆ. ಬಂದು ನೋಡ್ಕಂತೀನಿ.”

ಅವಳು ಹೇಳಿದ್ದು ಇಷ್ಟೇ. ಮುಟ್ಟಬೇಡಿ ಎಂದು ಹೇಳಲಿಲ್ಲ. ಇದನ್ನು ನಾನು ಆಮೇಲೆ ಬಹಳ ಸಲ ನೆನಪಿಸಿದ್ದೇನೆ.

ಅವತ್ತು ನಮ್ಮ ತೋಟದಲ್ಲಿ ಕಾಯಿ ಕೀಳುವವರು ಬಂದಿದ್ದರು, ಮೂವರು ಗಂಡಸರು. ಮರ ಹತ್ತಿ ಇಳಿದವನ ಹಸಿವು ಎಂಥದೆಂದು ಅನ್ನ ಹಾಕಿದವರಿಗೆ ಗೊತ್ತು. ನಾನು ಹುರುಳಿ ಸಾರು ಮಾಡಿಟ್ಟು, ಮುದ್ದೆಗೆ ಎಸರಿಡಲು ಹಿತ್ತಿಲಿಗೆ ಹೋದೆ. ಒಲೆಯ ಮೇಲೆ ಆ ಪಾತ್ರೆ. ತಟ್ಟೆ ಸರಿಸಿ ನೋಡಿದೆ. ಗಟ್ಟಿಯಾಗಿ, ಬಿಸಿಯಾಗಿ, ಸಣ್ಣಗೆ ಹಬೆಯಾಡುತ್ತಾ ಕೂತಿದೆ. ಬೆರಳು ನೀರಿಗೆ ಅದ್ದಿ ಮುಟ್ಟಿದೆ. ಅಂಟಲಿಲ್ಲ. ನನ್ನ ಎಂಟನೇ ವಯಸ್ಸಿನಿಂದ ಮುದ್ದೆ ಕಟ್ಟಿರುವ ಕೈ ಇದು. ಹಿಟ್ಟು ಬೆಂದು, ಬೆರಳಿಗೆ ಅಂಟದೆ, ಪಕ್ಕದಲ್ಲಿ ಸಾರು ಇದ್ದು, ಜಗಲಿಯ ಮೇಲೆ ಯಜಮಾನರೂ ಸೇರಿ ನಾಲ್ಕು ಜನ ಗಂಡಸರು ತಟ್ಟೆ ಹಿಡಿದು ಕೂತಿದ್ದರೆ, ನಮ್ಮ ಕಡೆ ಯಾವ ಹೆಂಗಸಿನ ಕೈ ತಾನೇ ಸುಮ್ಮನಿರುತ್ತದೆ? ಮಂಗಳವಾರ, ಫ್ರಿಜ್ಜು, ಅಮೆರಿಕಾ, ಒಂದೂ ತಲೆಗೆ ಬರಲಿಲ್ಲ. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಹಿಟ್ಟಿನ ಕೋಲಿನಲ್ಲಿ ನಾಲ್ಕು ಸುತ್ತು ತಿರುವಿ, ಒದ್ದೆ ಕೈಯಲ್ಲಿ ಒಂಬತ್ತು ಮುದ್ದೆ ಕಟ್ಟಿದೆ. ಚೆನ್ನಾಗಿ ಬಂತು. ಅದನ್ನೂ ಹೇಳಬೇಕು.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಓಟ್ಸು ತಿನ್ನಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿದೆ. ಡಬ್ಬಿಯಲ್ಲಿ ಓಟ್ಸು ತುಂಬಿ ಕೂತಿದೆ. “ಅದನ್ನ ಕುರಿಗೆ ಹಾಕು, ಕುರೀನೂ ತಿನ್ನಕಿಲ್ಲ,” ಎನ್ನುತ್ತಾರೆ. ಅವತ್ತು ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ತಟ್ಟೆ ಚಾಚಿದರು.

“ಲೇ ಇವ್ಳೇ, ಇದ್ಯಾವ ರಾಗಿಲೇ? ಇಷ್ಟ್ ದಿವ್ಸ ಎಲ್ ಬಚ್ಚಿಟ್ಟಿದ್ದೆ?”

ಕೈ ತೊಳೆಯುವಾಗಲೂ ನನಗೆ ಹೊಳೆಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬೇಡ. ಪಾತ್ರೆ ತಿಕ್ಕಲು ಕೂತಾಗ ತಳದಲ್ಲಿ ಒಂದು ಪಲಾವಿನ ಎಲೆ ಅಂಟಿಕೊಂಡಿತ್ತು. ರಾಗಿ ಮುದ್ದೆಗೆ ಪಲಾವಿನ ಎಲೆ ಎಲ್ಲಿಂದ ಬಂತು ಎಂದು ಅದನ್ನೇ ನೋಡುತ್ತಾ ಕೂತೆ. ಆಗ ಹೊಳೆಯಿತು.

ನಾಲ್ಕು ಗಂಟೆಗೆ ಸೊಸೆ ಬಂದಳು. ನೇರ ಹಿತ್ತಿಲಿಗೆ ಹೋದಳು. ಪಾತ್ರೆ ಬೋರಲು ಹಾಕಿತ್ತು, ಥಳಥಳ ಹೊಳೆಯುತ್ತಿತ್ತು.

“ಅತ್ತೆ, ಎಲ್ಲಿ?”

“ಮುದ್ದೆ ಕಟ್ಬುಟ್ಟೆ.”

“ಏನಂದ್ರಿ?”

“ಮುದ್ದೆ ಕಟ್ಟಿ ಹಾಕ್ಬುಟ್ಟೆ ಕಣೇ. ಕಾಯಿ ಕೀಳೋರು ತಿಂದ್ರು. ನಿಮ್ಮಾವ ಎರಡೂವರೆ ತಿಂದ್ರು.”

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಅತ್ತಿದ್ದರೆ ನನಗೆ ಬಯ್ಯಲು ಅನುಕೂಲವಾಗುತ್ತಿತ್ತು. ಕೈ ಎತ್ತಿ ಮನೆಯ ಅಟ್ಟದ ಕಡೆ ತೋರಿಸಿದಳು. ಅಲ್ಲಿ ಕಳೆದ ವರ್ಷ ಹಾಕಿದ ಕಾಯಿಗಳು ಕೊಬ್ಬರಿಯಾಗಲೆಂದು ಇನ್ನೂ ಕೂತಿದ್ದವು.

“ಕಾಯಿನ ವರ್ಷಗಟ್ಲೆ ಅಟ್ಟದ ಮ್ಯಾಲೆ ಮುಟ್ಟದಂಗೆ ಮಡಗ್ತೀರ. ದಿನಾ ಕೆಳಗೇ ಓಡಾಡ್ತೀರ, ಒಂದ್ ದಿನ ಒಡೆದು ನೋಡಿಲ್ಲ. ಒಂದ್ ಪಾತ್ರೆನ ನಾಲ್ಕ್ ಗಂಟೆ ಬುಡಕ್ಕಾಗ್ಲಿಲ್ವಾ ನಿಮ್ಗೆ?”

ನಾನು ಬೋರಲು ಹಾಕಿದ್ದ ಪಾತ್ರೆಯನ್ನು ಎತ್ತಿ ಇನ್ನೊಂದು ಸಲ ತೊಳೆದೆ. ಅವಳು ಒಳಗೆ ಹೋಗಿ, ಕೆಲಸಕ್ಕೆಂದೇ ಹೊಲಿಸಿಕೊಂಡಿದ್ದ ಎರಡು ಏಪ್ರನ್ನು ಮಡಚಿ ಬೀರುವಿನಲ್ಲಿಟ್ಟಳು. ಮಡಚುವುದು ನನಗೆ ಕಾಣಲೆಂದು ಬಾಗಿಲು ತೆರೆದೇ ಇಟ್ಟಿದ್ದಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಸಾರನ್ನು ಸೌಟಿನಲ್ಲಿ ಎತ್ತಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

“ಉಪ್ಪು ಜಾಸ್ತಿಯಾಗೈತೆ.”

ಇನ್ನು ಜೀವಮಾನವಿಡೀ ಹೀಗೆ ಎಂದು ನನಗೆ ಖಾತ್ರಿಯಾಯಿತು.

ಸೋಮವಾರ ಬೆಳಿಗ್ಗೆ ನಾನು ತಿಪಟೂರಿನ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಸೋಮವಾರವೂ ಬಾಗಿಲು ತೆರೆಯುವ ಮಾಂಸದಂಗಡಿಯ ಸಾಬರು ನನ್ನನ್ನು ಮೂವತ್ತು ವರ್ಷದಿಂದ ಬಲ್ಲರು. ನನ್ನನ್ನು ನೋಡಿ ಕತ್ತಿ ಕೆಳಗಿಟ್ಟರು.

“ಏನಮ್ಮಾ, ಇವತ್ತು ಸೋಮವಾರ. ಮನೇಲಿ ಎಲ್ಲಾ ಹುಷಾರಾಗಿದಾರಾ?”

“ಹುಷಾರಾಗವ್ರೆ. ಅರ್ಧ ಕೇಜಿ ಕೈಮಾ, ನಾಲ್ಕ್ ಕಾಲು ಕೊಡಿ.”

“ಸೋಮವಾರ ನೀವು ಈ ಬೀದೀಲೂ ನಡಿಯಲ್ಲ! ಆಚೆ ರೋಡಲ್ಲಿ ಸುತ್ಕೊಂಡು ಹೋಗ್ತೀರ.”

“ನಮ್ ದ್ಯಾವ್ರಿಗೆ ನಾನ್ ಹೇಳ್ಕಂತೀನಿ. ನೀವು ಕಾಲು ಚೆನ್ನಾಗಿ ಸುಟ್ಟು ಕೊಡಿ.”

ಸಾಬರು ನಕ್ಕರು. ಕಾಲನ್ನು ಸುಟ್ಟು, ಕೆರೆದು, ತುಂಡು ಮಾಡಿ, ಎರಡು ಚೀಲದೊಳಗೆ ಹಾಕಿ, ಮೇಲೆ ಹಳೇ ಪೇಪರು ಸುತ್ತಿಕೊಟ್ಟರು. “ಬಸ್ಸಲ್ಲಿ ಯಾರ್ಗೂ ಕಾಣಲ್ಲ ಬಿಡಿ,” ಎಂದರು. ನನ್ನ ಮರ್ಯಾದೆಯ ಬಗ್ಗೆ ಈ ಸಂಗತಿಯಲ್ಲಿ ಯೋಚನೆ ಮಾಡಿದವರು ಅವರೊಬ್ಬರೇ.

ಕಾಲು ತಂದದ್ದಕ್ಕೆ ಕಾರಣವಿತ್ತು. ಅಮೆರಿಕಾದ ಓಟ್ಸು ಎರಡೇ ಹಿಡಿ ಉಳಿದಿತ್ತು. ಬಾಕಿಗೆ ಯಜಮಾನರ ಡಬ್ಬಿಯ ಚಪ್ಪಟೆ ಓಟ್ಸೇ ಗತಿ. ಅದು ನೀರು ಕಂಡರೆ ಲೋಳೆಯಾಗುತ್ತದೆ, ನಿಲ್ಲುವುದಿಲ್ಲ. ಆದರೆ ಕುರಿಕಾಲಿನ ಸಾರು ರಾತ್ರಿ ಕಳೆದರೆ ಪಾತ್ರೆಯಲ್ಲಿ ಹೆಪ್ಪುಗಟ್ಟಿ ನಡುಗುವುದನ್ನು ನೋಡಿರುವವಳು ನಾನು. ಇದು ಫೋನಿನಲ್ಲಿ ಇರಲಿಲ್ಲ.

ಮನೆಯೊಳಕ್ಕೆ ಕಾಲಿಡದೆ ನೇರ ತೋಟದ ಮೋಟಾರು ಮನೆಯ ಹತ್ತಿರ ಹೋದೆ. ಅಲ್ಲಿ ಮೂರು ಕಲ್ಲಿಟ್ಟು ಬೆಂಕಿ ಮಾಡಿದೆ. ಅದು ಮನೆಯಲ್ಲ, ತೋಟ. ಬೀರಪ್ಪನಿಗೆ ಆ ವ್ಯತ್ಯಾಸ ತಿಳಿಯುತ್ತದೆ ಎಂದುಕೊಂಡೆ. ತಿಳಿಯದಿದ್ದರೆ ನನ್ನ ಕಣ್ಣು ಕಿತ್ತುಕೊಳ್ಳಲಿ, ಹೇಗೂ ಒಂದಕ್ಕೆ ಪೊರೆ ಬಂದಿದೆ. ಸೊಸೆ ಬೆಳಿಗ್ಗೆ ಹಟಕ್ಕೆ ಕೆಲಸಕ್ಕೆ ಹೋಗಿದ್ದಳು, ಮಂಗಳವಾರ ತಿಂಡಿ ಇಲ್ಲ ಎಂದು ಮ್ಯಾನೇಜರಿಗೆ ಹೇಳಲು. ಸ್ಕೂಲಿಗೆ ರಜ ಇದ್ದ ಮೊಮ್ಮಗಳನ್ನು ತೋಟಕ್ಕೆ ಕೂಗಿ, ಅವಳ ಕೈಲಿ ಸೊಸೆಗೆ ಒಂದು ಫೋನು ಮಾಡಿಸಿದೆ: “ಅವ್ರಿಗೆ ಏನೂ ಹೇಳ್ಬೇಡ, ಬಸ್ ಹತ್ಕಂಡು ಬಾ.”

ಅವಳು ಬರುವಷ್ಟರಲ್ಲಿ ಕಾಲು ಬೆಂದು ಮೂಳೆ ಬಿಟ್ಟಿತ್ತು. ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಸೋಮವಾರ ಮಾಂಸದ ಪಾತ್ರೆಯ ಮುಂದೆ ಕೂತಿದ್ದ ನನ್ನನ್ನು ಅವಳು ಹತ್ತು ಹೆಜ್ಜೆ ದೂರದಿಂದಲೇ ನೋಡುತ್ತಾ ನಿಂತಳು.

“ಅತ್ತೆ... ಇವತ್ತು ವಾರ.”

“ಗೊತ್ತೈತೆ. ಕ್ಯಾಲೆಂಡರ್ ಮನೇಲೈತೆ. ನಿಂತ್ಕಂಡು ನೋಡ್ಬೇಡ, ಆ ಓಟ್ಸ್ ಹುರಿ. ರವೆ ಹುರಿದಂಗೆ ಘಮ್ ಅನ್ಬೇಕು, ಇಲ್ಲಾಂದ್ರೆ ಗೋಂದಾಯ್ತದೆ.”

ಹುರಿದಳು. ಕಾಲಿನ ರಸ ಸೋಸಿ ಅದರಲ್ಲಿ ಕೈಮಾ, ಈರುಳ್ಳಿ ಬೇಯಿಸಿದೆವು. ಮೊದಲು ಅವನ ಎರಡು ಹಿಡಿ, ಅದು ಅರಳಿದ ಮೇಲೆ ಹುರಿದದ್ದು. ಒಬ್ಬರ ಕೈ ಸೋತಾಗ ಇನ್ನೊಬ್ಬರು ತಿರುವಿದೆವು. ಎರಡು ಗಂಟೆ ನಾವಿಬ್ಬರೂ ಜಗಳವಾಡಲಿಲ್ಲ. ಹೊಗೆಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ, ಬೇರೆ ಕಾರಣವೇನಿಲ್ಲ.

ಹದ ಬಂದಾಗ ನಾನು ಬೆರಳು ಅದ್ದಿ ಮುಟ್ಟಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

“ಮುಟ್ಬೇಡಿ.”

ಈ ಸಲ ಸರಿಯಾಗಿ ಹೇಳಿದಳು. ನಾನು ಕೈ ತೆಗೆದೆ.

ಅಗಲವಾದ ಸ್ಟೀಲ್ ತಟ್ಟೆಗೆ ಸುರಿದು ಆರಿಸಿದೆವು. ಅದನ್ನು ಮನೆಯ ಫ್ರಿಜ್ಜಿಗೆ ತರುವಂತಿಲ್ಲವಲ್ಲ, ಸೋಮವಾರ. ಮೋಟಾರು ಮನೆಯ ತೊಟ್ಟಿಯ ತಣ್ಣೀರಿನಲ್ಲಿ ಕಲ್ಲಿಟ್ಟು, ಅದರ ಮೇಲೆ ತಟ್ಟೆ ಕೂರಿಸಿ, ಇನ್ನೊಂದು ತಟ್ಟೆ ಕವುಚಿ, ಬೆಕ್ಕು ಬರದಂತೆ ಮೇಲೊಂದು ಬುಟ್ಟಿ ಮುಚ್ಚಿ ಮೋಟಾರು ಮನೆಗೆ ಬೀಗ ಹಾಕಿ ಕೀಲಿಯನ್ನು ಸೊಸೆಗೆ ಕೊಟ್ಟೆ. ನನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ. ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಗಿತ್ತು. ಆಮೇಲೆ ಅಲ್ಲೇ ತಲೆಗೆ ನೀರು ಹುಯ್ದುಕೊಂಡು ಒದ್ದೆ ಸೀರೆಯಲ್ಲಿ ಮನೆಗೆ ಬಂದೆ. “ಯಾಕ್ಲೇ, ಮಳೆನಾ?” ಎಂದರು ಯಜಮಾನರು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಅವರ ಗಮನ ಯಾವಾಗಲೂ ಇಷ್ಟೇ.

ಮಂಗಳವಾರ ಬೆಳಿಗ್ಗೆ ತಟ್ಟೆ ತೆಗೆದರೆ, ನಿಂತಿತ್ತು. ಚಾಕು ಹಾಕಿದರೆ ಮೈಸೂರುಪಾಕಿನ ಹಾಗೆ ಬಿಲ್ಲೆ ಬಿಲ್ಲೆಯಾಗಿ ಬಂತು. ಸೊಸೆ ಬೀರುವಿನಿಂದ ಏಪ್ರನ್ನು ತೆಗೆದು ಕಟ್ಟಿಕೊಂಡಳು.

ಎಂಟು ಗಂಟೆಗೆ ಜೀಪು ಬಂತು. ಎಂಜಿನಿಯರನ್ನು ಜಗಲಿಯ ಮೇಲೆ ಕೂರಿಸಿದೆವು. ಅವನ ಮೊಣಕಾಲು ಎದೆಗೆ ಬರುತ್ತಿತ್ತು. ಮ್ಯಾನೇಜರು ಏನೂ ನೋಡುವುದಿಲ್ಲವೆಂದು ರಸ್ತೆಯ ಕಡೆ ಮುಖ ಮಾಡಿ ನಿಂತರು. ಮೂಗನ್ನು ಮಾತ್ರ ನಮ್ಮ ಕಡೆಗೆ ತಿರುಗಿಸಿದ್ದರು.

ಜಗಲಿಯ ಮುಂದೆಯೇ ಮೂರು ಕಲ್ಲಿಟ್ಟು, ನನ್ನ ಹಳೇ ಕಬ್ಬಿಣದ ಕಾವಲಿಯಲ್ಲಿ ಸೊಸೆ ಮೊದಲ ನಾಲ್ಕು ಬಿಲ್ಲೆ ಹುರಿದಳು. ಹದವಾಗಿ, ಹೊಂಬಣ್ಣ ಬಂದ ಕೂಡಲೇ ತೆಗೆದು ಕೊಟ್ಟಳು. ಅವನು ಒಂದು ಚೂರು ಬಾಯಿಗಿಟ್ಟ. ನಿಧಾನಕ್ಕೆ ಅಗಿದ. ತಟ್ಟೆಯನ್ನು ಸರಿಸಿದ. ಸೊಸೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ಅವನು ಏನೋ ಹೇಳಿದ. ಮ್ಯಾನೇಜರು ರಸ್ತೆ ನೋಡುತ್ತಲೇ ಕನ್ನಡ ಮಾಡಿದರು: “ರುಚಿ ಸರಿಯಾಗೇ ಇದೆಯಂತಮ್ಮಾ. ಆದ್ರೆ ಇನ್ನೂ ಹುರೀಬೇಕಂತೆ. ಅಂಚು ಕರ್ರಗಾಗ್ಬೇಕಂತೆ. ಅವರಜ್ಜಿ ಸೀದುಹೋಗೋ ತನಕ ಬಿಡ್ತಿದ್ರಂತೆ.”

ಹದಿನಾಲ್ಕು ವರ್ಷ ನಾನು ಇವಳಿಗೆ ರೊಟ್ಟಿ ಸೀದಿದೆ, ಪಲ್ಯ ಸೀದಿದೆ ಎಂದು ಬಾಯಿ ಹರಿದುಕೊಂಡಿದ್ದೇನೆ. ಸೀಯಿಸುವುದಕ್ಕೂ ಬೆಲೆ ಬರುವ ಕಾಲವೊಂದು ಇದೆಯೆಂದು ನನಗೇನು ಗೊತ್ತು? ನನ್ನ ಸೊಸೆ ಕಾವಲಿಯ ಕೆಳಗೆ ಇನ್ನೆರಡು ಚಿಪ್ಪು ತುರುಕಿದಳು. ಬಿಲ್ಲೆಗಳನ್ನು ಹಾಕಿ, ಸೌಟು ಕೆಳಗಿಟ್ಟು, ಕೈ ಕಟ್ಟಿಕೊಂಡು ನಿಂತಳು. ಈ ಒಂದು ಕೆಲಸಕ್ಕೆ ಅವಳು ಹುಟ್ಟಿನಿಂದಲೇ ತಯಾರಾಗಿದ್ದಳು.

ಅವನು ಏಳು ಬಿಲ್ಲೆ ತಿಂದ. ಏಳನೆಯದರ ಹೊತ್ತಿಗೆ ಬೆಲ್ಟನ್ನು ಒಂದು ತೂತು ಸಡಿಲ ಮಾಡಿದ. ಮ್ಯಾನೇಜರು ಅದೊಂದನ್ನು ಮಾತ್ರ ನೋಡಿದರು.

“ಮಾಡಿದ್ಯಾರು ಅಂತ ಕೇಳ್ತಿದಾರೆ,” ಎಂದರು.

ಸೊಸೆ ನನ್ನ ಕಡೆ ನೋಡಲೂ ಇಲ್ಲ. “ನಾನೇ,” ಎಂದಳು.

ಅದೇ ಸರಿಯಾದ ಉತ್ತರ. ಅವಳೇನಾದರೂ ‘ನಮ್ಮತ್ತೆ’ ಎಂದು ಬಾಯಿ ಬಿಟ್ಟಿದ್ದರೆ ಸೌಟಿನಲ್ಲಿ ತಲೆಗೆ ಹಾಕುತ್ತಿದ್ದೆ. ಆಮೇಲೆ ಆ ಪುಣ್ಯಾತ್ಮ ನನ್ನನ್ನೇ ಅಡುಗೆಗೆ ಕರೆದು, ಇವಳನ್ನು ಮನೆಯಲ್ಲಿ ಬಿಟ್ಟಿದ್ದರೆ?

ತುಮಕೂರಿನ ಭಟ್ಟ ಬರಲಿಲ್ಲ. ಬುಧವಾರ ಬೆಳಿಗ್ಗೆ ಏಳರ ಬಸ್ಸಿಗೆ ಅವಳು ಎರಡು ಏಪ್ರನ್ನನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು. ಉಳಿದಿದ್ದ ಬಿಲ್ಲೆಗಳನ್ನು ಫ್ರಿಜ್ಜಿನಲ್ಲಿಟ್ಟು, ಬಾಗಿಲಲ್ಲಿ ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು: “ಮುಟ್ಬೇಡಿ. ತಿರುವ್ಬೇಡಿ. ಕಟ್ಬೇಡಿ.”

“ಹೋಗೇ, ಬಸ್ ಹೋಯ್ತದೆ,” ಎಂದೆ.

ಮಧ್ಯಾಹ್ನ ಯಜಮಾನರು ತಟ್ಟೆ ಹಿಡಿದು ಕೂತು ಆವತ್ತಿನ ರಾಗಿ ಹಾಕು ಎಂದರು. ಅದು ಮುಗಿಯಿತು ಎಂದು ಇವತ್ತಿನ ರಾಗಿ ಹಾಕಿದೆ. ಸಾರಿಗೆ ಉಪ್ಪು ನನಗೆ ಎಷ್ಟು ಬೇಕು ಅನ್ನಿಸಿತೋ ಅಷ್ಟು ಹಾಕಿದ್ದೆ. ಮೂರು ಗಂಟೆಗೆ ಸೊಸೆ ಬರುವ ತನಕ ಯಾರೂ ಏನೂ ಅನ್ನಲಿಲ್ಲ.